ಕಳೆಯುವ ಲೆಕ್ಕ: ಮಕ್ಕಳ ಕಿಡ್ನಿ ಗಡ್ಡೆಯ ನೂರೈವತ್ತು ವರ್ಷ

1918ರ ಮೇ ತಿಂಗಳು. ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಸೆರೆಯಾಳಾಗಿದ್ದ ಫ್ರೆಂಚ್ ಅಧಿಕಾರಿಯೊಬ್ಬನಿಗೆ ಗಂಟಲಮಾರಿ ತಗುಲಿ ಉಸಿರು ಕಟ್ಟುತ್ತಿತ್ತು. ಅಲ್ಲಿನ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ ಅವನ ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಿಗೆ ದಾರಿ ಬಿಡಿಸಿದರು. ಶತ್ರುದೇಶದ ಆ ಸೈನಿಕ ಬದುಕಿಕೊಂಡ. ಅವನಿಂದ ಸೋಂಕು ಅಂಟಿಸಿಕೊಂಡ ವಿಲ್ಮ್ಸ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತು ವರ್ಷ.

ಈ ಸಾವಿನ ಸಂಗತಿ ಇವತ್ತು ಹೆಚ್ಚು ಜನಕ್ಕೆ ಗೊತ್ತಿಲ್ಲ. ಆದರೆ ಅವರ ಹೆಸರು ಮಾತ್ರ ಪ್ರಪಂಚದ ಎಲ್ಲ ಮಕ್ಕಳ ಕ್ಯಾನ್ಸರ್ ವಾರ್ಡುಗಳಲ್ಲಿ ದಿನವೂ ಕೇಳಿಸುತ್ತದೆ. ಚಿಕ್ಕ ಮಕ್ಕಳ ಕಿಡ್ನಿಯಲ್ಲಿ ಬೆಳೆಯುವ ಕ್ಯಾನ್ಸರ್ ಗಡ್ಡೆಗೆ ‘ವಿಲ್ಮ್ಸ್ ಟ್ಯೂಮರ್’ ಎಂದೇ ಹೆಸರು. ಮಕ್ಕಳಿಗೆ ಬರುವ ಕಿಡ್ನಿ ಕ್ಯಾನ್ಸರಿನಲ್ಲಿ ನೂರಕ್ಕೆ ತೊಂಬತ್ತು ಇದೇ. ಬಹುಪಾಲು ಮಕ್ಕಳಿಗೆ ಐದು ತುಂಬುವುದರೊಳಗೇ ಕಾಣಿಸಿಕೊಳ್ಳುತ್ತದೆ. ಮೂರು-ನಾಲ್ಕು ವರ್ಷದ ಮಕ್ಕಳೇ ಜಾಸ್ತಿ. ಇದನ್ನು ಮೊದಲು ಪತ್ತೆಹಚ್ಚುವವರು ಸಾಮಾನ್ಯವಾಗಿ ಡಾಕ್ಟರಲ್ಲ, ತಾಯಿ. ಮೀಯಿಸುವಾಗಲೋ ಬಟ್ಟೆ ತೊಡಿಸುವಾಗಲೋ ಹೊಟ್ಟೆಯ ಒಂದು ಪಕ್ಕ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಮಗುವಿಗೆ ನೋವಿಲ್ಲ, ಆಟ ನಿಂತಿಲ್ಲ, ಊಟ ಬಿಟ್ಟಿಲ್ಲ. ಕೆಲವರಿಗೆ ಮೂತ್ರದಲ್ಲಿ ರಕ್ತ ಹೋಗುತ್ತದೆ, ಕೆಲವರಿಗೆ ಬಿಪಿ ಏರಿರುತ್ತದೆ. ಆದರೆ ಮೂರು ವರ್ಷದ ಮಗುವಿಗೆ ಬಿಪಿ ನೋಡುವವರು ಯಾರು? ನಮ್ಮ ಕಡೆಯಾದರೆ ಜಂತುಹುಳುವಿನ ಔಷಧಿ ಕೊಟ್ಟು, ಎಣ್ಣೆ ಹಚ್ಚಿ ಹೊಟ್ಟೆ ನೀವಿ, ಒಂದೆರಡು ತಿಂಗಳು ಅದರಲ್ಲೇ ಕಳೆದಿರುತ್ತದೆ. ಈ ನೀವುವ ವಿಚಾರಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ರೋಗ ವಿಲ್ಮ್ಸ್‌ಗಿಂತ ಹಳೆಯದು. ಹದಿನೆಂಟನೇ ಶತಮಾನದ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಕೂಡಿಟ್ಟ ಮಾದರಿಗಳಲ್ಲಿ, ಎರಡೂ ಕಿಡ್ನಿಗಳಲ್ಲಿ ಗಡ್ಡೆ ಬೆಳೆದಿದ್ದ ಒಂದು ಎಳೆಗೂಸಿನ ಅಂಗವೂ ಇತ್ತು. 1814ರಲ್ಲಿ ಥಾಮಸ್ ರ‍್ಯಾನ್ಸ್ ಎಂಬ ವೈದ್ಯ ಇಂಥದ್ದೇ ಒಂದು ಪ್ರಕರಣವನ್ನು ಬರೆದಿಟ್ಟ. ಅಷ್ಟೇ. ಬರೆದಿಡುವುದಕ್ಕಿಂತ ಹೆಚ್ಚಿನದು ಯಾರ ಕೈಲೂ ಆಗುತ್ತಿರಲಿಲ್ಲ. ಒಂದು ಕಿಡ್ನಿ ತೆಗೆದರೆ ಮನುಷ್ಯ ಬದುಕುತ್ತಾನೆ ಎಂಬುದನ್ನೇ ಲೋಕಕ್ಕೆ ತೋರಿಸಿದ್ದು 1869ರಲ್ಲಿ, ಗುಸ್ತಾವ್ ಸೈಮನ್ ಎಂಬ ಶಸ್ತ್ರವೈದ್ಯ, ಅದೂ ಹೈಡೆಲ್‌ಬರ್ಗ್‌ನಲ್ಲೇ. ಎಂಟು ವರ್ಷಗಳ ನಂತರ, 1877ರಲ್ಲಿ, ಇಂಗ್ಲೆಂಡಿನ ಲೀಡ್ಸ್ ಊರಿನ ಥಾಮಸ್ ಜೆಸಪ್ ಎರಡು ವರ್ಷದ ಮಗುವೊಂದರ ಗಡ್ಡೆ ತುಂಬಿದ ಕಿಡ್ನಿಯನ್ನು ತೆಗೆದರು. ರಕ್ತ ಕೊಡುವ ವ್ಯವಸ್ಥೆ ಇಲ್ಲ, ಎಕ್ಸ್‌ರೇ ಇಲ್ಲ, ಆಂಟಿಬಯಾಟಿಕ್ ಇಲ್ಲ. ಆದರೂ ಮಗು ಮೇಜಿನಿಂದ ಜೀವಂತವಾಗಿ ಇಳಿಯಿತು. ಸುಮಾರು ಒಂಬತ್ತು ತಿಂಗಳ ಮೇಲೆ ಗಡ್ಡೆ ಮತ್ತೆ ಬಂದು ಅದನ್ನು ಕೊಂಡೊಯ್ದಿತು. ಜೆಸಪ್ ನಂತರ ಬಂದವರ ಅನುಭವವೂ ಹೆಚ್ಚುಕಡಿಮೆ ಇಷ್ಟೇ: ಕೆಲವು ಮಕ್ಕಳು ಶಸ್ತ್ರಚಿಕಿತ್ಸೆಯಲ್ಲೇ ಹೋದವು, ಉಳಿದವು ವರ್ಷದೊಳಗೆ.

ಹಾಗಾದರೆ ವಿಲ್ಮ್ಸ್ ಮಾಡಿದ್ದೇನು? ಅವರು ಈ ರೋಗವನ್ನು ಮೊದಲು ಕಂಡವರೂ ಅಲ್ಲ, ವಾಸಿ ಮಾಡಿದವರೂ ಅಲ್ಲ. ಲೈಪ್‌ಜಿಗ್‌ನಲ್ಲಿ ಮೂವತ್ತರ ಆಸುಪಾಸಿನ ಕಿರಿಯ ವೈದ್ಯರಾಗಿದ್ದಾಗ, 1899ರಲ್ಲಿ, ‘ಕಿಡ್ನಿಯ ಮಿಶ್ರ ಗಡ್ಡೆಗಳು’ ಎಂಬ ಅರ್ಥದ ಹೆಸರಿನ ಪುಸ್ತಕ ಪ್ರಕಟಿಸಿದರು. ಹಿಂದಿನವರು ವರದಿ ಮಾಡಿದ್ದನ್ನೆಲ್ಲ ಒಟ್ಟುಗೂಡಿಸಿ, ತಾವೇ ಪರೀಕ್ಷಿಸಿದ ಏಳು ಪ್ರಕರಣಗಳನ್ನು ಸೇರಿಸಿದರು. ಸೂಕ್ಷ್ಮದರ್ಶಕದಲ್ಲಿ ಈ ಗಡ್ಡೆ ವೈದ್ಯರನ್ನು ಕಂಗೆಡಿಸುತ್ತಿತ್ತು. ಒಂದು ಕಡೆ ಕಿಡ್ನಿಯ ಅರೆಬರೆ ನಳಿಕೆಗಳು, ಇನ್ನೊಂದು ಕಡೆ ಸ್ನಾಯುವಿನ ಎಳೆ, ಮತ್ತೊಂದು ಕಡೆ ಮೃದ್ವಸ್ಥಿಯ ತುಣುಕು. ಕಿಡ್ನಿಯೊಳಗೆ ಸ್ನಾಯುವಿಗೇನು ಕೆಲಸ? ನೋಡಿದವರು ತಮಗೆ ಕಂಡದ್ದನ್ನು ಆಧರಿಸಿ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದರು. ಇವೆಲ್ಲ ಬೇರೆ ಬೇರೆ ರೋಗಗಳಲ್ಲ, ಒಂದೇ ಮೂಲದ್ದು. ಭ್ರೂಣದಲ್ಲಿ ಇನ್ನೂ ಏನಾಗಬೇಕೆಂದು ತೀರ್ಮಾನವಾಗದ ಎಳೆಯ ಜೀವಕೋಶಗಳಿಂದ ಹುಟ್ಟಿದ್ದು ಎಂದು ವಿಲ್ಮ್ಸ್ ವಾದಿಸಿದರು.

ಆ ಊಹೆಯ ತಿರುಳು ನಿಂತಿದೆ. ಗರ್ಭದ 36ನೇ ವಾರದ ಹೊತ್ತಿಗೆ ಕಿಡ್ನಿ ಕಟ್ಟುವ ಕೆಲಸ ಮುಗಿಯುತ್ತದೆ. ಆಮೇಲೆ ರಕ್ತ ಸೋಸುವ ಹೊಸ ನೆಫ್ರಾನ್ ಒಂದೂ ಹುಟ್ಟುವುದಿಲ್ಲ. ಕಟ್ಟುವ ಜೀವಕೋಶಗಳು ಅಲ್ಲಿಗೆ ಇಲ್ಲವಾಗಬೇಕು. ನೂರರಲ್ಲಿ ಸುಮಾರು ಒಂದು ಶಿಶುವಿನಲ್ಲಿ ಅವುಗಳ ಚೂರುಪಾರು ಉಳಿದುಬಿಡುತ್ತದೆ, ಬಹುತೇಕ ತಾನಾಗಿ ಕರಗಿಯೂ ಹೋಗುತ್ತದೆ. ಕರಗದೆ ಉಳಿದು, ಗೃಹಪ್ರವೇಶ ಮುಗಿದ ಮೇಲೂ ಗಾರೆಯವರು ಕಲಸುತ್ತಲೇ ಇದ್ದಂತೆ ಕಟ್ಟುತ್ತಲೇ ಹೋದಾಗ ಈ ಗಡ್ಡೆ. ಗಡ್ಡೆಯ ಒಳಗಡೆ ಕಿಡ್ನಿಯಂಥದ್ದೇ ಆದರೆ ಕಿಡ್ನಿಯಲ್ಲದ ರಚನೆಗಳು ಕಾಣುವುದು ಅದಕ್ಕೇ. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಬಸುರಿನಲ್ಲಿ ತಾನು ತಿಂದದ್ದರಿಂದ, ಗ್ರಹಣದಲ್ಲಿ ಹೊರಗೆ ಬಂದದ್ದರಿಂದ ಹೀಗಾಯಿತೆಂದು ತಾಯಿಯರು ಕೊರಗುವುದುಂಟು. ಹಾಗೇನೂ ಇಲ್ಲ.

ಚಿಕಿತ್ಸೆಯ ಕಥೆ ನಿಜವಾಗಿ ಶುರುವಾಗುವುದು ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ. ಅಲ್ಲಿನ ವಿಲಿಯಂ ಲ್ಯಾಡ್ ಮಕ್ಕಳ ಶಸ್ತ್ರಚಿಕಿತ್ಸೆಯೇ ಒಂದು ಪ್ರತ್ಯೇಕ ವಿದ್ಯೆ ಎಂದು ಅಮೆರಿಕಕ್ಕೆ ಒಪ್ಪಿಸಿದವರು. ಅಲ್ಲಿಯವರೆಗೆ ಹಲವರು ಬೆನ್ನ ಪಕ್ಕದಿಂದ ಕೊಯ್ದು, ಇಕ್ಕಟ್ಟಿನಲ್ಲಿ ಕೈಹಾಕಿ, ಗಡ್ಡೆಯನ್ನು ಹಿಸುಕಿ ಹೊರಗೆಳೆಯುತ್ತಿದ್ದರು. ಲ್ಯಾಡ್ ಹೊಟ್ಟೆಯನ್ನು ಮುಂದಿನಿಂದ ಅಗಲವಾಗಿ ತೆರೆದರು. ಗಡ್ಡೆಯನ್ನು ಅಲುಗಿಸುವುದಕ್ಕೆ ಮೊದಲೇ ಕಿಡ್ನಿಗೆ ಹೋಗುವ, ಕಿಡ್ನಿಯಿಂದ ಬರುವ ರಕ್ತನಾಳಗಳನ್ನು ಕಟ್ಟಿಬಿಡಬೇಕು. ಮೇಲಿನ ಪೊರೆ ಒಡೆಯದಂತೆ ಇಡೀ ಗಡ್ಡೆಯನ್ನು ಎತ್ತಬೇಕು. ಅದಕ್ಕೂ ಮುಂಚೆ ವಾರ್ಡಿನಲ್ಲಿ ಕಲಿಯುವ ಡಾಕ್ಟರುಗಳೆಲ್ಲ ಸಾಲಾಗಿ ಬಂದು ಮಗುವಿನ ಹೊಟ್ಟೆ ಒತ್ತಿನೋಡುವುದು ನಿಲ್ಲಬೇಕು. ಈ ಗಡ್ಡೆ ಬಲು ಮೆತ್ತಗೆ. ಪೊರೆ ಬಿರಿದರೆ ಒಳಗಿನದು ಹೊಟ್ಟೆಯ ತುಂಬ ಚೆಲ್ಲುತ್ತದೆ, ಆಮೇಲೆ ಚಿಕಿತ್ಸೆ ದುಪ್ಪಟ್ಟು. ಮಂಚದ ತಲೆಯ ಮೇಲೆ ‘ಹೊಟ್ಟೆ ಮುಟ್ಟಬೇಡಿ’ ಎಂದು ಚೀಟಿ ಅಂಟಿಸುವ ರೂಢಿ ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ಇದೆ. ನಮ್ಮ ಮನೆಗಳ ಎಣ್ಣೆ ನೀವಿಕೆ ಯಾಕೆ ಕೂಡದೋ ಇದರಲ್ಲೇ ಉತ್ತರವಿದೆ: ಹೊಟ್ಟೆಯಲ್ಲಿ ಗಟ್ಟಿ ಸಿಕ್ಕಿದ ಮಗುವನ್ನು ನೀವಬಾರದು, ಸ್ಕ್ಯಾನ್ ಮಾಡಿಸಬೇಕು.

ಲ್ಯಾಡ್ ಕೈಯಲ್ಲಿ ಹತ್ತರಲ್ಲಿ ಮೂರು ಮಕ್ಕಳು ಉಳಿಯತೊಡಗಿದವು. ಅವರ ಶಿಷ್ಯ ರಾಬರ್ಟ್ ಗ್ರಾಸ್, ಶಸ್ತ್ರಚಿಕಿತ್ಸೆಯ ಮೇಲೆ ವಿಕಿರಣವನ್ನೂ ಕೊಟ್ಟು, 1950ರ ಹೊತ್ತಿಗೆ ಇದನ್ನು ನೂರಕ್ಕೆ 47ಕ್ಕೆ ಏರಿಸಿದರು. ಅಂದರೆ ಅರ್ಧಕ್ಕರ್ಧ. ಶ್ವಾಸಕೋಶಕ್ಕೆ ಹರಡಿದ್ದರೆ ಮಾತ್ರ ಕಥೆ ಮುಗಿದ ಹಾಗೆಯೇ.

ಅದೇ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಇದ್ದರು. ಸತ್ತ ಮಕ್ಕಳನ್ನು ಕೊಯ್ದು ಕಾರಣ ಹುಡುಕುವ ರೋಗಶಾಸ್ತ್ರಜ್ಞರಾಗಿ ವರ್ಷಗಳನ್ನು ಕಳೆದ ಅವರಿಗೆ, ಬದುಕಿರುವಾಗಲೇ ಏನಾದರೂ ಮಾಡಬೇಕೆಂಬ ಹಟ ಹತ್ತಿತು. 1947ರ ಕೊನೆಯಲ್ಲಿ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು, ತಾತ್ಕಾಲಿಕವಾಗಿಯಾದರೂ ರೋಗ ಹಿಮ್ಮೆಟ್ಟಿಸಿ ತೋರಿಸಿದರು. ಆ ಔಷಧಿ ಬಂದದ್ದು ಲೆಡರ್ಲೆ ಕಂಪನಿಯ ಪ್ರಯೋಗಾಲಯದಿಂದ. ಅದರ ಹಿಂದಿದ್ದವರು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಫಾರ್ಬರರ ಹೆಸರಿನಲ್ಲಿ ದೊಡ್ಡ ಸಂಸ್ಥೆ ನಿಂತಿದೆ. ಸುಬ್ಬರಾಯರನ್ನು ನಾವೂ ಆಗೊಮ್ಮೆ ಈಗೊಮ್ಮೆ ನೆನೆಯುತ್ತೇವೆ, ಅಷ್ಟೇ.

ಕಿಡ್ನಿ ಗಡ್ಡೆಗೆ ಔಷಧಿ ಸಿಕ್ಕಿದ್ದು ಮಣ್ಣಿನಿಂದ. ಸೆಲ್ಮನ್ ವಾಕ್ಸ್‌ಮನ್ ಮಣ್ಣಿನ ಸೂಕ್ಷ್ಮಜೀವಿಗಳಿಂದ ಆಂಟಿಬಯಾಟಿಕ್ ಹುಡುಕುತ್ತಿದ್ದವರು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಅವರ ಪ್ರಯೋಗಾಲಯದ್ದೇ. ಅದಕ್ಕೂ ಮೊದಲು, 1940ರಲ್ಲಿ, ಬಾಯ್ಡ್ ವುಡ್ರಫ್ ಜೊತೆ ಆಕ್ಟಿನೊಮೈಸಿನ್ ಬೇರ್ಪಡಿಸಿದ್ದರು. ಬ್ಯಾಕ್ಟೀರಿಯಾ ಸಾಯುತ್ತಿದ್ದವು, ಜೊತೆಗೆ ಪ್ರಯೋಗದ ಪ್ರಾಣಿಯೂ. ಹಾಗಾಗಿ ಅದು ಮೂಲೆ ಸೇರಿತ್ತು. 1950ರ ದಶಕದ ನಡುವೆ ಫಾರ್ಬರ್ ಅದನ್ನು ಹೊರತೆಗೆಸಿ ಮಕ್ಕಳಿಗೆ ಕೊಟ್ಟರು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಬಿಳಿ ಗುಂಡುಗಳಾಗಿ ಕಾಣುತ್ತಿದ್ದ ಹರಡುಗಡ್ಡೆಗಳು ಕುಗ್ಗಿದವು, ಕೆಲವು ಮಕ್ಕಳಲ್ಲಿ ಮಾಯವಾದವು. ರಕ್ತದ ಕ್ಯಾನ್ಸರ್ ಅಲ್ಲದ, ಗಟ್ಟಿ ಗಡ್ಡೆಯ ಕ್ಯಾನ್ಸರೊಂದು ಹರಡಿದ ಮೇಲೂ ಔಷಧಿಗೆ ಹೀಗೆ ಬಗ್ಗಿದ್ದು ಆ ಕಾಲಕ್ಕೆ ನಂಬಲಾಗದ ಸಂಗತಿ. 1966ರಲ್ಲಿ ಫಾರ್ಬರ್ ಲೆಕ್ಕ ಒಪ್ಪಿಸಿದಾಗ, ಹರಡುವ ಮೊದಲೇ ಬಂದ ಮಕ್ಕಳಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಎರಡು ವರ್ಷ ದಾಟಿದ್ದರು.

ಎರಡನೆಯ ಔಷಧಿ ನಮ್ಮ ಹಿತ್ತಿಲ ಗಿಡದ್ದು. ಮೂಲ ಮಡಗಾಸ್ಕರ್ ಆದರೂ, ದೇವರ ಪೂಜೆಗೆ ದಿನವೂ ಕೊಯ್ಯುವ ನಿತ್ಯಪುಷ್ಪವನ್ನು ಯಾವ ಕನ್ನಡಿಗ ನೋಡಿಲ್ಲ? ಕೆನಡಾದಲ್ಲಿ, ಆಮೇಲೆ ಅಮೆರಿಕದ ಎಲೈ ಲಿಲ್ಲಿ ಕಂಪನಿಯಲ್ಲಿ, ಅದರ ಎಲೆಯಿಂದ ತೆಗೆದ ರಾಸಾಯನಿಕಗಳಲ್ಲಿ ಒಂದು ವಿನ್‌ಕ್ರಿಸ್ಟಿನ್. 1963ರಲ್ಲಿ ಬಳಕೆಗೆ ಬಂತು, ಕೂಡಲೇ ಈ ಗಡ್ಡೆಯ ಮೇಲೂ ಕೆಲಸ ಮಾಡಿತು. ಮನೆಮದ್ದಿನ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ: ಎಲೆಗಳಲ್ಲಿ ಇದು ಎಷ್ಟು ಅತ್ಯಲ್ಪವೆಂದರೆ ಕೆಲವು ಗ್ರಾಂ ಔಷಧಿಗೆ ಟನ್ನುಗಟ್ಟಲೆ ಎಲೆ ಬೇಕು. ಕಷಾಯದಲ್ಲಿ ಸಿಗುವುದು ವಿಷವೇ ಹೊರತು ಔಷಧಿಯಲ್ಲ.

ಇಲ್ಲಿಗೆ ಕೂಡಿಸುವ ಲೆಕ್ಕ ಮುಗಿಯಿತು. ಕತ್ತಿ, ಅದರ ಮೇಲೆ ವಿಕಿರಣ, ಅದರ ಮೇಲೆ ಒಂದು ಔಷಧಿ, ಮತ್ತೊಂದು ಔಷಧಿ. ಈ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ಘಟನೆ ಯಾವುದೆಂದು ಕೇಳಿದರೆ ಔಷಧಿಗಳ ಶೋಧವನ್ನು ಹೆಸರಿಸುವವರೇ ಹೆಚ್ಚು. ನನ್ನ ಮತ 1969ಕ್ಕೆ. ಆ ವರ್ಷ ಅಮೆರಿಕದ ಹತ್ತಾರು ಆಸ್ಪತ್ರೆಗಳು ತಮ್ಮ ತಮ್ಮ ಪದ್ಧತಿಯ ಹೆಮ್ಮೆಯನ್ನು ಬದಿಗಿಟ್ಟು, ‘ರಾಷ್ಟ್ರೀಯ ವಿಲ್ಮ್ಸ್ ಗಡ್ಡೆ ಅಧ್ಯಯನ’ ಎಂಬ ಒಂದೇ ಕೊಡೆಯ ಕೆಳಗೆ ಬಂದವು. ಕಾರಣ ಸರಳ. ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವ ರೋಗ. ದೊಡ್ಡ ಆಸ್ಪತ್ರೆಗೂ ವರ್ಷಕ್ಕೆ ಬೆರಳೆಣಿಕೆಯಷ್ಟು ಮಕ್ಕಳು. ಒಂದು ಚಿಕಿತ್ಸೆ ಇನ್ನೊಂದಕ್ಕಿಂತ ಮೇಲೋ ಕೀಳೋ ಎಂದು ಒಂಟಿಯಾಗಿ ತಿಳಿಯಬೇಕಾದರೆ ಡಾಕ್ಟರರ ಆಯುಷ್ಯವೇ ಸಾಲದು. ಇದರ ಮುಂದಾಳು ಜೂಲಿಯೊ ಡಾಂಜಿಯೊ, ವಿಕಿರಣ ಚಿಕಿತ್ಸಕ. ಹಿಂದೆ ಫಾರ್ಬರ್ ಜೊತೆ ಕೆಲಸ ಮಾಡಿದವರು.

ಆ ಒಕ್ಕೂಟ ಕೇಳಿಕೊಂಡ ಪ್ರಶ್ನೆ ವಿಚಿತ್ರವಾಗಿತ್ತು. ಇನ್ನೇನು ಸೇರಿಸೋಣ ಎಂಬುದರ ಜೊತೆಗೇ, ಏನನ್ನು ಬಿಡಬಹುದು ಎಂದು ಕೇಳಿಕೊಂಡರು. ವಿಕಿರಣ ಬಿದ್ದ ಕಡೆ ಮಗುವಿನ ಮೂಳೆ ಬೆಳೆಯುವುದು ಕುಂಠಿತವಾಗುತ್ತದೆ. ಬದುಕಿದ ಮಕ್ಕಳು ದೊಡ್ಡವರಾಗುತ್ತಿದ್ದಂತೆ ಬೆನ್ನುಮೂಳೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಡಾಂಜಿಯೊ ತಾವೇ ವಿಕಿರಣದವರಾಗಿ, ವಾಸಿ ಮಾಡಿದರಷ್ಟೇ ಸಾಲದು ಎಂದು 1975ರಲ್ಲಿ ಬರೆದರು. ಮೊದಲ ಅಧ್ಯಯನದಲ್ಲೇ ಎರಡು ಸಂಗತಿ ಇತ್ಯರ್ಥವಾದವು. ಎರಡೂ ಔಷಧಿಗಳನ್ನು ಕೂಡಿಸಿ ಕೊಡುವುದು ಒಂದೊಂದನ್ನೇ ಕೊಡುವುದಕ್ಕಿಂತ ಮೇಲು. ಗಡ್ಡೆ ಕಿಡ್ನಿಯೊಳಗೇ ಇದ್ದು ಪೂರ್ತಿ ತೆಗೆಯಲಾದ ಎರಡು ವರ್ಷದೊಳಗಿನ ಮಕ್ಕಳಿಗೆ ವಿಕಿರಣ ಬೇಕಿಲ್ಲ. ಎರಡನೆಯ ಅಧ್ಯಯನ ಅಂಥ ಗಡ್ಡೆಯ ದೊಡ್ಡ ಮಕ್ಕಳಿಗೂ ವಿಕಿರಣ ಬಿಡಿಸಿತು, ಹದಿನೈದು ತಿಂಗಳ ಔಷಧಿಯನ್ನು ಆರಕ್ಕೆ ಇಳಿಸಿತು. ಮೂರನೆಯದು ಆರು ತಿಂಗಳನ್ನು ಸುಮಾರು ಹತ್ತು ವಾರಕ್ಕೆ ತಂದಿತು, ಹೊಟ್ಟೆಯೊಳಗೆ ಉಳಿದ ಗಡ್ಡೆಗೆ ಕೊಡುವ ವಿಕಿರಣದ ಪ್ರಮಾಣವನ್ನು ಅರ್ಧ ಮಾಡಿತು. ನಾಲ್ಕನೆಯದು ಐದು ದಿನ ಹಂಚಿ ಕೊಡುತ್ತಿದ್ದ ಔಷಧಿಯನ್ನು ಒಂದೇ ದಿನಕ್ಕೆ ಇಳಿಸಿತು. ಆಸ್ಪತ್ರೆಯ ಓಡಾಟ, ಖರ್ಚು ಎರಡೂ ಇಳಿದವು. ಪ್ರತಿ ಸಲವೂ ಅರ್ಧ ಮಕ್ಕಳಿಗೆ ಕಡಿಮೆ ಕೊಟ್ಟು, ಉಸಿರು ಬಿಗಿಹಿಡಿದು ಕಾಯುವ ಕೆಲಸ ಅದು. ಕಡಿಮೆ ಕೊಟ್ಟದ್ದರಿಂದಲೇ ಮಗು ಹೋಯಿತೆಂಬ ಮಾತು ಬಂದರೆ ಎಂಬ ಅಂಜಿಕೆಯನ್ನು ಮೆಟ್ಟಿ ನಿಂತವರಿಗೆ, ಹೊಸ ಔಷಧಿ ಕಂಡುಹಿಡಿದವರಷ್ಟೇ ಎದೆಗಾರಿಕೆ ಬೇಕಿತ್ತು.

ಎಲ್ಲರಿಗೂ ಕಡಿಮೆ ಮಾಡಿದರೆ ನಡೆಯುತ್ತಿರಲಿಲ್ಲ. ಯಾರಿಗೆ ಎಂದು ಹೇಳಿದವರು ರೋಗಶಾಸ್ತ್ರಜ್ಞ ಬ್ರೂಸ್ ಬೆಕ್‌ವಿತ್. ದೇಶದ ಮೂಲೆಮೂಲೆಯಿಂದ ಬಂದ ಗಡ್ಡೆಯ ತೆಳು ಪದರಗಳನ್ನು ತಾವೇ ಕಣ್ಣಾರೆ ನೋಡುತ್ತ ಹೋದರು. 1978ರಲ್ಲಿ ಪಾಮರ್ ಎಂಬವರ ಜೊತೆ ಅವರು ಪ್ರಕಟಿಸಿದ ಲೆಕ್ಕ ಕಣ್ಣು ತೆರೆಸುವಂಥದ್ದು: 427 ಮಕ್ಕಳಲ್ಲಿ ಬರೇ 49 ಮಂದಿಯ ಜೀವಕೋಶಗಳು ಕೆಟ್ಟ ಚಹರೆಯವು, ಆದರೆ ಗಡ್ಡೆಯಿಂದಾದ ಸಾವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಆ 49 ಮಂದಿಯಲ್ಲೇ. ಉಳಿದವರಿಗೆ ಔಷಧಿ ಇಳಿಸುವ ಧೈರ್ಯ ಬಂದದ್ದು ಈ ಅಂಕಿಯಿಂದ.

ಅಟ್ಲಾಂಟಿಕ್‌ನ ಆಚೆ ಯುರೋಪಿನವರು ಬೇರೆ ದಾರಿ ಹಿಡಿದರು. 1971ರಲ್ಲಿ ಪ್ಯಾರಿಸ್ ಪಕ್ಕದ ವಿಲ್‌ಜುಯಿಫ್‌ನ ಜ್ಯಾನ್ ಲೆಮರ್ಲ್ ಮುಂದಾಳತ್ವದಲ್ಲಿ ಅವರ ಮೊದಲ ಅಧ್ಯಯನ ಶುರುವಾಯಿತು. ಮೊದಲು ಗಡ್ಡೆಯನ್ನು ಕುಗ್ಗಿಸಿ, ಆಮೇಲೆ ಕೊಯ್ಯುವ ಯೋಚನೆ. ಮೊದಲೇ ಕೊಯ್ದಾಗ ಮೂರರಲ್ಲಿ ಒಂದು ಗಡ್ಡೆ ಬಿರಿಯುತ್ತಿತ್ತು. ಕುಗ್ಗಿಸಿ ಕೊಯ್ದಾಗ ನೂರಕ್ಕೆ ನಾಲ್ಕು. ಕುಗ್ಗಿಸಲು ಮೊದಮೊದಲು ವಿಕಿರಣ, ನಂತರ ನಾಲ್ಕು ವಾರ ಔಷಧಿ ಮಾತ್ರ. ಅಮೆರಿಕದವರ ಆಕ್ಷೇಪವೂ ಸುಳ್ಳಲ್ಲ: ಚೂರು ತೆಗೆದು ನೋಡದೆ ಔಷಧಿ ಕೊಟ್ಟರೆ, ನೂರಕ್ಕೆ ಒಂದು ಮಗುವಿಗಾದರೂ ಕ್ಯಾನ್ಸರೇ ಅಲ್ಲದ್ದಕ್ಕೆ ಕೀಮೋ ಕೊಟ್ಟ ಹಾಗಾಗುತ್ತದೆ. ಐವತ್ತು ವರ್ಷದಿಂದ ಈ ಜಗಳ ಬಗೆಹರಿದಿಲ್ಲ. ಎರಡೂ ಕಡೆ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುತ್ತಿರುವುದರಿಂದ ಯಾರಿಗೂ ಸೋಲುವ ಅವಸರವಿಲ್ಲ. ಗಡ್ಡೆ ದೊಡ್ಡದಾದ ಮೇಲೆ ಬರುವ ಭಾರತ, ಆಫ್ರಿಕಾದಂಥ ಕಡೆಗಳಿಗೆ ಯುರೋಪಿನ ದಾರಿ ಹೆಚ್ಚು ಒಗ್ಗುತ್ತದೆ.

ಈ ನಡುವೆ ಇನ್ನೊಂದು ಎಳೆ. 1964ರಲ್ಲಿ ಅಮೆರಿಕದ ರಾಬರ್ಟ್ ಮಿಲ್ಲರ್ ಮತ್ತು ಜೊತೆಗಾರರು ಆಸ್ಪತ್ರೆಗಳ ಹಳೆಯ ದಾಖಲೆ ಜಾಲಾಡಿದರು. ಈ ಗಡ್ಡೆಯಿದ್ದ 440 ಮಕ್ಕಳಲ್ಲಿ ಆರು ಮಕ್ಕಳ ಕಣ್ಣಿನಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪೊರೆಯೇ ಇರಲಿಲ್ಲ. ಐವತ್ತು ಸಾವಿರಕ್ಕೊಬ್ಬರಲ್ಲಿ ಕಾಣುವ ದೋಷ, ಇಲ್ಲಿ ಎಪ್ಪತ್ತಕ್ಕೊಬ್ಬರಲ್ಲಿ! ಕಣ್ಣಿಗೂ ಕಿಡ್ನಿಗೂ ಎತ್ತಣಿಂದೆತ್ತ? ಆ ಮಕ್ಕಳ 11ನೇ ವರ್ಣತಂತುವಿನಲ್ಲಿ ಒಂದು ತುಣುಕೇ ಕಳೆದುಹೋಗಿರುವುದು 1970ರ ದಶಕದ ಕೊನೆಗೆ ಗೊತ್ತಾಯಿತು. ಕಣ್ಣಿನ ಜೀನೂ ಕಿಡ್ನಿಯ ಜೀನೂ ಅಲ್ಲಿ ಅಕ್ಕಪಕ್ಕ. 1990ರಲ್ಲಿ ಕಿಡ್ನಿಯ ಜೀನ್ ಕೈಗೆ ಸಿಕ್ಕಿತು, ಹೆಸರು ಡಬ್ಲ್ಯುಟಿ-1. ಅದು ಭ್ರೂಣದ ಕಿಡ್ನಿ ಕಟ್ಟುವ ಕೆಲಸವನ್ನೇ ನಡೆಸುವ ಜೀನು. ಅದಾಗಿಯೂ ಹೆಚ್ಚಿನ ಮಕ್ಕಳಲ್ಲಿ ರೋಗ ಅನುವಂಶಿಕವಲ್ಲ. ಆದರೆ ಇಂಥ ಕಣ್ಣಿನೊಂದಿಗೆ ಹುಟ್ಟಿದ ಮಗುವಿಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕೆಂಬ ನಿಯಮ ಬಂದದ್ದು ಇದರಿಂದ.

ಕಳೆಯುವ ಲೆಕ್ಕ ಇನ್ನೂ ನಡೆದಿದೆ. 2015ರಲ್ಲಿ ಯುರೋಪಿನವರು, ಹೃದಯಕ್ಕೆ ಪೆಟ್ಟು ಕೊಡುವ ಡಾಕ್ಸೊರುಬಿಸಿನ್ ಎಂಬ ಮೂರನೇ ಔಷಧಿಯನ್ನು ಮಧ್ಯಮ ಅಪಾಯದ ಮಕ್ಕಳಿಗೆ ಬಿಡಬಹುದೆಂದು ತೋರಿಸಿದರು. ಎರಡು ವರ್ಷದೊಳಗಿನ, 550 ಗ್ರಾಂಗಿಂತ ಹಗುರ ಗಡ್ಡೆಯ ಶಿಶುಗಳಿಗೆ ಶಸ್ತ್ರಚಿಕಿತ್ಸೆಯೊಂದೇ ಸಾಕಾದೀತೆಂದು ಅಮೆರಿಕದವರು ನೋಡಿದ್ದಾರೆ.

ಕೂಡಿಸುವುದೇ ಪೂರ್ತಿಯಾಗದ ಕಡೆ ಕಳೆಯುವ ಮಾತು ಎಲ್ಲಿಂದ ಬರಬೇಕು? 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 2030ರೊಳಗೆ ಲೋಕದ ಕ್ಯಾನ್ಸರ್ ಮಕ್ಕಳಲ್ಲಿ ನೂರಕ್ಕೆ ಅರವತ್ತಾದರೂ ಬದುಕಬೇಕೆಂಬ ಗುರಿ ಇಟ್ಟು ಆರು ರೋಗ ಆರಿಸಿತು. ಅದರಲ್ಲಿ ಇದೂ ಒಂದು. ಔಷಧಿಗಳು ಹಳೆಯವು, ದಾರಿ ಗೊತ್ತಿರುವಂಥದ್ದು. ನಮ್ಮಲ್ಲೂ ಮುಂಬೈಯ ಟಾಟಾ, ಬೆಂಗಳೂರಿನ ಕಿದ್ವಾಯಿಯಂಥ ಕಡೆ ಇದೇ ಔಷಧಿ, ಇದೇ ಶಸ್ತ್ರಚಿಕಿತ್ಸೆ. ಮಗು ಕೈಜಾರುವುದು ಬೇರೆ ಜಾಗಗಳಲ್ಲಿ. ಬರುವುದು ತಡ. ಎರಡು ಕೀಮೋ ಆದ ಮೇಲೆ ಗಡ್ಡೆ ಕುಗ್ಗಿ ಮಗು ಆಡತೊಡಗಿದಾಗ, ಬಿತ್ತನೆ ಬಂತೆಂದೋ ಸಾಲ ತೀರಲಿಲ್ಲವೆಂದೋ ಊರಿಗೆ ಹೋದವರು ತಿರುಗಿ ಬರುವುದಿಲ್ಲ.

ಇದಕ್ಕೆ ಮದ್ದು ಏನೆಂದು ಮಲಾವಿಯ ಬ್ಲಾಂಟೈರ್ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಎಲಿಜಬೆತ್ ಮೊಲಿನ್ಯೂ, ಟ್ರೈನ್ ಇಸ್ರೇಲ್ಸ್ ಮೊದಲಾದವರು ಹುಡುಕಿದರು. ಚಿಕಿತ್ಸೆ ಪುಕ್ಕಟೆ, ಜೊತೆಗೆ ಹೋಗಿಬರುವ ಬಸ್ ಚಾರ್ಜು, ಬಾರದವರಿಗೆ ಫೋನು. ಮಗುವಿನ ತೂಕ ಕಡಿಮೆಯಿದ್ದರೆ ಔಷಧಿಯ ಪ್ರಮಾಣವೂ ಕಡಿಮೆ. 2014ರಿಂದ ಆಫ್ರಿಕಾದ ಹಲವು ಆಸ್ಪತ್ರೆಗಳು ಈ ಪದ್ಧತಿಯಲ್ಲಿ ಒಟ್ಟಾದವು. ಅರ್ಧಕ್ಕೆ ಚಿಕಿತ್ಸೆ ಬಿಟ್ಟುಹೋಗುವವರು ನೂರಕ್ಕೆ 23 ಇದ್ದದ್ದು ನಾಲ್ಕು ವರ್ಷದಲ್ಲಿ 12ಕ್ಕೆ ಇಳಿಯಿತು. ಚಿಕಿತ್ಸೆ ಮುಗಿಸಿ ರೋಗವಿಲ್ಲದೆ ಮನೆಗೆ ಹೋದ ಮಕ್ಕಳು 52ರಿಂದ 68ಕ್ಕೆ ಏರಿದರು. ಹೊಸ ಔಷಧಿ ಒಂದೂ ಸೇರಿರಲಿಲ್ಲ.